ಅಪ್‌ಡೇಟ್: ಬಿಸಿಯಾದರೆ ನಿಲ್ಲುತ್ತಿದ್ದ ಅಂಬಾಸಿಡರ್, ಕಾರಣ ಕಂಡೆನ್ಸರ್

ನಮ್ಮ ಅಂಬಾಸಿಡರ್ ಮಾರ್ಕ್ 2 ಇಂಜಿನ್ ಬಿಸಿಯಾದ ಮೇಲೆ ಮಿಸ್ ಹೊಡೆದು ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಕಂಡೆನ್ಸರ್ (ಸ್ಪಾರ್ಕ್ ವ್ಯವಸ್ಥೆಯ ಸಣ್ಣ ಕೆಪಾಸಿಟರ್) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ನಿಮ್ಮ ಮಾತೇ ನಿಜವಾಯಿತು.

ಬಿಸಿಗೆ ಪೆಟ್ರೋಲ್ ಆವಿಯಾಗಿ ನಿಲ್ಲುತ್ತಿರಬಹುದು ಅಂತ ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದೆ, ಏನೂ ವ್ಯತ್ಯಾಸವಾಗಲಿಲ್ಲ. ಸ್ಪಾರ್ಕಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸಿದರೂ ಅಷ್ಟೇ. ಗಾಡಿ ನಿಂತ ಕೂಡಲೇ ಸ್ಪಾರ್ಕ್ ನೋಡಿದಾಗ ಸುಳಿವು ಸಿಕ್ಕಿತು. ನೀಲಿಯಾಗಿರಬೇಕಾದ ಕಿಡಿ ಸಣ್ಣಗೆ, ಕೆಂಪಗೆ ಬರುತ್ತಿತ್ತು. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದರೆ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್) ಮುಖ ಸುಟ್ಟು ಕಪ್ಪಾಗಿತ್ತು. ಪಾಯಿಂಟ್ ತೆರೆಯುವಾಗ ಕಿಡಿ ಅಲ್ಲೇ ಹಾರದಂತೆ ತಡೆಯುವುದು ಕಂಡೆನ್ಸರ್ ಕೆಲಸ. ಅದು ಬಿಸಿಗೆ ಕೈಕೊಟ್ಟರೆ ಹೀಗೇ ಆಗುತ್ತದೆ.

ಆಶ್ಚರ್ಯ ಅಂದರೆ, ಅಂಗಡಿಯಿಂದ ತಂದ ಹೊಸ ಕಂಡೆನ್ಸರ್ ಕೂಡ ಅದೇ ಆಟ ಆಡಿತು! ಕೊನೆಗೆ ಮೆಕ್ಯಾನಿಕ್ ಅಣ್ಣ ಹಳೇ ಡಿಸ್ಟ್ರಿಬ್ಯೂಟರ್‌ನಿಂದ ಬಿಚ್ಚಿಕೊಟ್ಟಿದ್ದೇ ಕೆಲಸಕ್ಕೆ ಬಂತು. ಹೊಸದು ಅಂದಮಾತ್ರಕ್ಕೆ ನಂಬಬೇಡಿ, ಡಿಕ್ಕಿಯಲ್ಲಿ ಒಂದು ಸ್ಪೇರ್ ಇರಲಿ. ಪಾಯಿಂಟ್ ಸೆಟ್ಟನ್ನೂ ಬದಲಿಸಿ ಗ್ಯಾಪ್ 0.015 ಇಂಚಿಗೆ ಇಟ್ಟೆ.

ಕಾಯಿಲ್ ಕೊಳ್ಳುವವರು ಇದನ್ನೂ ಗಮನಿಸಿ: ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಇಲ್ಲದ ಗಾಡಿಗೆ ಪ್ರೈಮರಿ ಸುರುಳಿಯ ರೆಸಿಸ್ಟೆನ್ಸ್ ಸುಮಾರು 3 ಓಮ್ ಇರುವ ಕಾಯಿಲ್ಲೇ ಬೇಕು. 1.5 ಓಮ್‌ನದು ಹಾಕಿದರೆ ಕರೆಂಟ್ ಜಾಸ್ತಿ ಹರಿದು ಪಾಯಿಂಟ್ ಬೇಗ ಸುಡುತ್ತದೆ.