ಅಪ್‌ಡೇಟ್: ಟೆಂಪ್ಲೇಟ್ ತಿದ್ದಿದರೆ ಬ್ಲೇಡ್‌ಗಳೆಲ್ಲ ರೀಬೂಟ್ – ಕಾರಣ ಸಿಕ್ಕಿತು
ಹಿಂದೆ ನಾನು ಇಲ್ಲಿ ಕೇಳಿದ್ದು ಇಷ್ಟು: ತುಮಕೂರಿನ ವಸಂತನರಸಾಪುರದ ಸರ್ವರ್ ರೂಮಿನಲ್ಲಿ ಯುಸಿಎಸ್ (ಸಿಸ್ಕೋದ ಸರ್ವರ್ ವ್ಯವಸ್ಥೆ) ಸರ್ವಿಸ್ ಪ್ರೊಫೈಲ್ ಟೆಂಪ್ಲೇಟ್‌ನ, ಅಂದರೆ ಸರ್ವರ್ ಸೆಟ್ಟಿಂಗ್‌ಗಳ ಅಚ್ಚಿನ, ಬಯೋಸ್ ಪಾಲಿಸಿ ಮುಟ್ಟಿದರೆ ಸಾಕು, 8 ಬ್ಲೇಡ್‌ಗಳೂ (ಚಾಸಿಸ್ ಎಂಬ ಪೆಟ್ಟಿಗೆಯಲ್ಲಿ ಕೂರುವ ಸರ್ವರ್‌ಗಳು) ಒಟ್ಟಿಗೆ ರೀಬೂಟ್. ಮೇಂಟೆನೆನ್ಸ್ ಪಾಲಿಸಿ (ಬದಲಾವಣೆ ಯಾವಾಗ ಜಾರಿಯಾಗಬೇಕು ಎಂಬ ಸೆಟ್ಟಿಂಗ್) ನೋಡಿ ಎಂದವರಿಗೆ ಥ್ಯಾಂಕ್ಸ್, ಅದೇ ಕಾರಣ. ಟೆಂಪ್ಲೇಟ್ 'ಅಪ್‌ಡೇಟಿಂಗ್' ಬಗೆಯದು, ಅದರ ತಿದ್ದುಪಡಿ ಎಲ್ಲ ಪ್ರೊಫೈಲ್‌ಗೂ ಹೋಗುತ್ತದೆ; ಪಾಲಿಸಿ 'ಇಮ್ಮೀಡಿಯೆಟ್' (ತಕ್ಷಣ ಜಾರಿ) ಇತ್ತು. ಪಾಲಿಸಿಯನ್ನು 'ಯೂಸರ್ ಆಕ್' (ನಾವು ಒಪ್ಪಿದ ಮೇಲೆ ಜಾರಿ) ಮಾಡಿದ ಮೇಲೆ ಬದಲಾವಣೆ ಪೆಂಡಿಂಗ್ ಆ್ಯಕ್ಟಿವಿಟೀಸ್‌ನಲ್ಲಿ ಕಾಯುತ್ತದೆ. ವಿಎಂಗಳನ್ನು (ವರ್ಚುವಲ್ ಮಷೀನ್) ಪಕ್ಕದ ಹೋಸ್ಟ್‌ಗೆ ಸರಿಸಿ, ಒಂದೊಂದೇ ಬ್ಲೇಡ್‌ಗೆ ಒಪ್ಪಿಗೆ ಕೊಟ್ಟರಾಯಿತು. ಟೆಂಪ್ಲೇಟನ್ನೇ 'ಇನಿಷಿಯಲ್' ಮಾಡಿ ಎಂಬ ಸಲಹೆ ಮಾತ್ರ ಸರಿ ಕಾಣಲಿಲ್ಲ: ಟೆಂಪ್ಲೇಟ್‌ನ ಆಮೇಲಿನ ತಿದ್ದುಪಡಿ ಈಗಾಗಲೇ ಇರುವ ಯಾವ ಪ್ರೊಫೈಲನ್ನೂ ತಲುಪದು, ಒಂದೊಂದು ಸರ್ವರ್ ಒಂದೊಂದು ದಾರಿ ಹಿಡಿಯುತ್ತದೆ.

ಹೊಸ ಚಾಸಿಸ್ ಸೇರಿಸುವವರು ಮ್ಯಾಕ್ ಪೂಲ್ (ನೆಟ್‌ವರ್ಕ್ ಕಾರ್ಡ್‌ಗಳಿಗೆ ಹಂಚುವ ವಿಳಾಸಗಳ ಸಂಗ್ರಹ) ಮೊದಲೇ ಎಣಿಸಿ. ಬ್ಲೇಡ್‌ಗೆ 4 ವಿನಿಕ್ (ವರ್ಚುವಲ್ ನೆಟ್‌ವರ್ಕ್ ಕಾರ್ಡ್) ಎಂದರೆ 8 ಬ್ಲೇಡ್‌ಗೆ 32 ವಿಳಾಸ. ಪೂಲ್ ಬರಿದಾದರೆ ಪ್ರೊಫೈಲ್ 'ಕಾನ್ಫಿಗ್ ಫೇಲ್ಯೂರ್' ತೋರಿಸಿ ನಿಲ್ಲುತ್ತದೆ. ಬೂಟ್ ಮೋಡ್ (ಹಳೆಯ ಲೆಗಸಿಯೋ ಹೊಸ ಯುಇಎಫ್‌ಐಯೋ) ಕೂಡ ಓಎಸ್ ಹಾಕುವ ಮುನ್ನವೇ ನಿಗದಿಯಾಗಬೇಕು, ಲೆಗಸಿಯಲ್ಲಿ ಇನ್‌ಸ್ಟಾಲ್ ಆದ ಡಿಸ್ಕ್ ಯುಇಎಫ್‌ಐಗೆ ಬದಲಿಸಿದರೆ ಏಳುವುದಿಲ್ಲ.