ಫೋರ್ ಬೈ ಫೋರ್ ಹಾಕಿದರೂ ಗಾಲಿ ಜಾರುತ್ತಿದೆ, ಈ ಗಾಡಿಯಲ್ಲಿ ಹಿಮದ ದಾರಿಗೆ ಹೋಗಬಹುದಾ?

ಸಿಂಧನೂರಿನಿಂದ ಪ್ರಶ್ನೆ

ಹಳೆಯ ಡೀಸೆಲ್ ಫೋರ್ ಬೈ ಫೋರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಗೇರ್ ಪಕ್ಕ ಇನ್ನೊಂದು ಲಿವರ್ ಇರುವ ಗಾಡಿ. ಮೊನ್ನೆ ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿಯಲ್ಲಿ ಸಿಕ್ಕಿಬಿದ್ದೆ. ಫೋರ್ ಹೈ (ನಾಲ್ಕೂ ಗಾಲಿಗೆ ಎಳೆತ, ಮಾಮೂಲಿ ವೇಗ) ಹಾಕಿದೆ, ಮೀಟರ್‌ನಲ್ಲಿ ಲೈಟೂ ಬಂತು. ಆದರೆ ಹಿಂದಿನ ಎಡಗಾಲಿ ಒಂದೇ ಗರಗರ ತಿರುಗುತ್ತಿತ್ತು, ಮುಂದಿನವು ಅಲ್ಲಾಡಲೇ ಇಲ್ಲ. ಕೊನೆಗೆ ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾಯಿತು. ಜನವರಿಯಲ್ಲಿ ಮನೆಯವರನ್ನು ಕರೆದುಕೊಂಡು ಇದೇ ಗಾಡಿಯಲ್ಲಿ ಹಿಮಾಚಲದ ಮನಾಲಿ, ಸಿಸ್ಸು ನೋಡಿಬರುವ ಆಸೆ ಇದೆ. ಎರೆಯಲ್ಲೇ ಹೀಗಾದರೆ ಹಿಮದಲ್ಲಿ ಏನು ಗತಿ? ಏನೇನು ನೋಡಿಸಲಿ? ಅನುಭವ ಇದ್ದವರು ಹೇಳಿ.

ರಾಯಚೂರಿನಿಂದ

ಸರ್, ಮುಂದಿನದೊಂದು ಹಿಂದಿನದೊಂದು ಗಾಲಿ ತಿರುಗಿದ್ದರೆ ಗಾಡಿ ಕೆಟ್ಟಿಲ್ಲ ಅಂತಿದ್ದೆ. ಸಾಮಾನ್ಯ ಡಿಫರೆನ್ಷಿಯಲ್ (ಎಡಬಲ ಗಾಲಿಗೆ ಎಳೆತ ಹಂಚುವ ಗೇರು) ಇರುವ ಗಾಡಿ ರಾಡಿಯಲ್ಲಿ ಹಾಗೇ ಮಾಡುತ್ತದೆ. ಆದರೆ ನಿಮ್ಮದರಲ್ಲಿ ಮುಂದಿನವು ತಿರುಗೇ ಇಲ್ಲ. ಅಂದರೆ ಎಳೆತ ಮುಂದಿನ ಗಾಲಿಗೆ ಮುಟ್ಟುತ್ತಿಲ್ಲ. ಲೈಟ್ ಬಂತು ಅಂತ ನಂಬಬೇಡಿ. ಹಳೆ ಗಾಡಿಗಳಲ್ಲಿ ಬಹಳಷ್ಟು ಸಲ ಆ ಲೈಟು ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಒಳಗೆ ಫೋರ್ ಹೈ ಬಿದ್ದಿದ್ದನ್ನಷ್ಟೇ ಹೇಳುತ್ತದೆ. ಮುಂದಿನ ಗಾಲಿಯನ್ನು ಅದರ ಶಾಫ್ಟಿಗೆ ಜೋಡಿಸುವ ಹಬ್ ಲಾಕ್ ಆಯಿತೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ.

ಮೊದಲು ನಿಮ್ಮ ಹಬ್ ಯಾವ ತರದ್ದು ನೋಡಿ. ಕೆಲವು ಗಾಡಿಯಲ್ಲಿ ಕೆಳಗಿಳಿದು ಕೈಯಿಂದ ತಿರುವಿ ಲಾಕ್ ಮಾಡಬೇಕು. ಮುಂದಿನ ಗಾಲಿಯ ಮಧ್ಯೆ ತಿರುಗಿಸುವ ಬಿಲ್ಲೆ ಕಂಡರೆ ಅದೇ. ಕೆಲವು ವ್ಯಾಕ್ಯೂಮ್ ಮೇಲೆ, ಅಂದರೆ ಇಂಜಿನ್ ಪೈಪಿನಲ್ಲಿ ಗಾಳಿ ಹೀರಿದಾಗ ಲಾಕ್ ಆಗುವಂತೆ, ನಡೆಯುತ್ತವೆ. ನನಗೆ ಅನುಮಾನ ಇರುವುದು ಈ ವ್ಯಾಕ್ಯೂಮ್ ಪೈಪಿನ ಮೇಲೆ. ನಮ್ಮ ಕಡೆ ಬೇಸಿಗೆ 40 ದಾಟುತ್ತದೆ, ಇಂಜಿನ್ ಹತ್ತಿರ ಇನ್ನೂ ಜಾಸ್ತಿ. ಆ ಬೆರಳು ಗಾತ್ರದ ರಬ್ಬರ್ ಪೈಪು ಒಣಗಿ, ಕೀಲಿನ ಹತ್ತಿರ ಕೂದಲೆಳೆಯಷ್ಟು ಸೀಳುತ್ತದೆ. ಮೇಲಿಂದ ನೋಡಿದರೆ ಕಾಣಲ್ಲ, ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಇಂಜಿನ್ ಚಾಲೂ ಇಟ್ಟು, ಫೋರ್ ಹೈ ಹಾಕಿಸಿ, ಹಬ್ ಕಡೆಯ ತುದಿ ಬಿಚ್ಚಿ ಬೆರಳು ಇಡಿ. ಬೆರಳನ್ನು ಎಳೆದು ಹಿಡಿಯಬೇಕು. ಎಳೆಯದಿದ್ದರೆ ಅಲ್ಲಿಂದ ಹಿಂದಕ್ಕೆ ಪೈಪು ಹುಡುಕುತ್ತಾ ಹೋಗಿ. ಇಡೀ ಹಬ್ ಬಿಚ್ಚೋಣ ಅಂತ ಯಾರಾದರೂ ಹೊರಟರೆ ಮೊದಲು ಇದನ್ನು ನೋಡು ಅನ್ನಿ.

ಪೈಪು ಸರಿ ಇದ್ದರೆ ಇನ್ನೊಂದು ಪರೀಕ್ಷೆ. ಫೋರ್ ಹೈ ಹಾಕಿ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ. ಇಂಜಿನ್ ಬಂದ್ ಮಾಡಿ, ಗೇರಲ್ಲೇ ಬಿಡಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಮುಂದಿನ ಎರಡೂ ಗಾಲಿ ಎತ್ತಿ, ಜಾಕ್ ಜೊತೆ ಸ್ಟ್ಯಾಂಡೂ ಇಡಿ. ಈಗ ಒಂದು ಗಾಲಿ ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಬೇಕು. ಒಂದು ಆರಾಮಾಗಿ ತಿರುಗಿ ಇನ್ನೊಂದು ಸುಮ್ಮನಿದ್ದರೆ ಹಬ್ ಹಿಡಿದಿಲ್ಲ. ಎರಡೂ ಉಲ್ಟಾ ತಿರುಗಿದರೆ ಹಬ್ ಚೆನ್ನಾಗಿದೆ.

ಗಾಡಿ ಸರಿಯಾದ ಖುಷಿಗೆ ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತದೆ. ನಿಮ್ಮಂಥ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದಂತೆ. ಮಣ್ಣಿದ್ದರೆ ಗಾಲಿ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ, ಡಾಂಬರಲ್ಲಿ ಜಾರಲು ಆಗಲ್ಲ. ಆ ತಿರುಚು ಶಾಫ್ಟಿನಲ್ಲಿ ಕೂತು ಲಿವರ್ ಬಿಗಿಯುತ್ತದೆ. ಹಾಗೆ ಬಿಗಿದರೆ ಜಗ್ಗಬೇಡಿ, ನಾಲ್ಕು ಮಾರು ರಿವರ್ಸ್ ಹೋದರೆ ಸಾಮಾನ್ಯವಾಗಿ ಸಡಿಲ ಆಗುತ್ತದೆ. ನಾಲ್ಕೂ ಟೈರ್ ಒಂದೇ ಸೈಜ್, ಸವೆತವೂ ಹತ್ತಿರ ಹತ್ತಿರ ಇರಲಿ. ಮೂರು ಸವೆದ ಟೈರ್ ಜೊತೆ ಹೊಸ ಸ್ಟೆಪ್ನಿ ಹಾಕಿ ಫೋರ್ ಹೈ ಓಡಿಸಿದರೂ ಇದೇ ಕಥೆ.

ಗಂಗಾವತಿಯಿಂದ

ಅಣ್ಣ, ನಿಮ್ಮನ್ನು ಎಳೆದ ಟ್ರ್ಯಾಕ್ಟರ್ ಡ್ರೈವರನ್ನೇ ಕೇಳಬೇಕಿತ್ತು! ಹಿಂದಿನ ಒಂದು ಗಾಲಿ ತಿರುಗಿ ಇನ್ನೊಂದು ನಿಂತರೆ ಅವನು ಡಿಫರೆನ್ಷಿಯಲ್ ಲಾಕ್ ಪೆಡಲನ್ನು ಹಿಮ್ಮಡಿಯಲ್ಲಿ ಒತ್ತುತ್ತಾನೆ. ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ. ಕೆಲವು ಹೊಸ ಫೋರ್ ಬೈ ಫೋರ್‌ಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನೇ ಲಾಕ್ ಆಗುತ್ತದೆ. ಇನ್ನು ಕೆಲವು ಗಾಡಿ ಸುಮ್ನೆ ತಿರುಗುವ ಗಾಲಿಗೆ ತಾವೇ ಬ್ರೇಕ್ ಹಿಡಿದು ಎಳೆತವನ್ನು ಇನ್ನೊಂದು ಕಡೆ ಕಳಿಸುತ್ತವೆ. ನಿಮ್ಮ ಹಳೇ ಗಾಡಿಯಲ್ಲಿ ಎರಡೂ ಇರಲಿಕ್ಕಿಲ್ಲ. ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗೇ ಹಿಡಿಯುವಂಥದ್ದಾದರೆ ಅದನ್ನು ಒಂದೆರಡು ಕಟಕಟ ಎಳೆದು, ಎಕ್ಸಲರೇಟರ್ ನಿಧಾನ ಕೊಟ್ಟು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಹೊರಗೆ ಬರುತ್ತದೆ. ಎರೆಮಣ್ಣು ಟೈರಿನ ಹಲ್ಲಿನಲ್ಲಿ ತುಂಬಿಕೊಂಡು ನುಣ್ಣಗಾದ ಮೇಲೆ ಮಾತ್ರ ಯಾವ ಲಾಕೂ ಕೆಲಸ ಮಾಡಲ್ಲ. ಇಳಿದು ಕೋಲಿನಿಂದ ಕೆರೆದು ತೆಗೆಯಬೇಕು.

ಬಳ್ಳಾರಿಯಿಂದ

ನಾವು ಚಳಿಗಾಲದಲ್ಲಿ ಮನಾಲಿ, ಸಿಸ್ಸು ಹೋಗಿ ಬಂದವರು. ಮನಾಲಿಯಿಂದ ಸಿಸ್ಸುಗೆ ಹೋಗುವ ದಾರಿಯಲ್ಲಿರುವ ಅಟಲ್ ಸುರಂಗ 9.02 ಕಿ.ಮೀ. ಉದ್ದ, 2020ರ ಅಕ್ಟೋಬರ್‌ನಲ್ಲಿ ಶುರುವಾಯಿತು, 3000 ಮೀಟರಿಗಿಂತ ಎತ್ತರದಲ್ಲಿದೆ. ಹಿಮ ಬಿದ್ದ ದಿನ ಪೊಲೀಸರು ಫೋರ್ ಬೈ ಫೋರ್ ಅಥವಾ ಟೈರಿಗೆ ಸುತ್ತುವ ಚೈನ್ ಇರುವ ಗಾಡಿಗಳನ್ನಷ್ಟೇ ಮುಂದೆ ಬಿಡುವುದುಂಟು. ಬಿಟ್ಟರು ಅಂದ ಮಾತ್ರಕ್ಕೆ ಗಾಡಿ ನಿಲ್ಲುತ್ತದೆ ಅಂತಲ್ಲ. ಫೋರ್ ವೀಲ್ ಹೊರಡಲು, ಏರಲು ಸಹಾಯ ಮಾಡುತ್ತದೆ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಗಾಲಿಗೇ ಇರುತ್ತದಲ್ವಾ? ನಿಲ್ಲುವಾಗ ನಿಮ್ಮದೂ ಪಕ್ಕದ ಆಲ್ಟೋ ಕಾರೂ ಒಂದೇ. ಇಳಿಜಾರಿನಲ್ಲಿ ಬ್ರೇಕ್ ತುಳಿಯುವ ಬದಲು ಫೋರ್ ಲೋ (ನಾಲ್ಕೂ ಗಾಲಿಗೆ ಎಳೆತ, ಬಹಳ ನಿಧಾನ), ಮೊದಲ ಗೇರ್ ಹಾಕಿ ಬಿಟ್ಟುಬಿಡಿ, ಇಂಜಿನ್ನೇ ಹಿಡಿಯುತ್ತದೆ.

ಟೈರ್ ವಿಷಯಕ್ಕೆ ಬರೋಣ. ನಮ್ಮ ಬಿಸಿಲಿಗೆ ಅಂತ ಮಾಡಿದ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಲ್ಲು ಎಷ್ಟೇ ದೊಡ್ಡದಿದ್ದರೂ ನೆಲಕ್ಕೆ ಅಂಟಲ್ಲ. ಕಾನೂನಿಗೆ 1.6 ಮಿ.ಮೀ. ಹಲ್ಲು ಸಾಕು, ಹಿಮಕ್ಕೆ 4 ಮಿ.ಮೀ. ಇಲ್ಲದೆ ಹೊರಡಬೇಡಿ. ಟೈರ್ ಪಕ್ಕದಲ್ಲಿ ಎಂ ಪ್ಲಸ್ ಎಸ್ (ಮಡ್ ಪ್ಲಸ್ ಸ್ನೋ, ರಾಡಿ ಮತ್ತು ಹಿಮ) ಅಂತ ಬರೆದಿದ್ದರೆ ಅಂಗಡಿಯವರು ಹಿಮದ ಟೈರ್ ಅಂತ ಮಾರುತ್ತಾರೆ. ಅದು ಬರೀ ಹಲ್ಲಿನ ಮಾದರಿಯ ಗುರುತು. ಹಿಮದಲ್ಲಿ ಪರೀಕ್ಷೆ ಮಾಡಿದ ಟೈರಿಗೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಚಿತ್ರ ಇರುತ್ತದೆ. ಒಂದು ವಾರದ ಪ್ರವಾಸಕ್ಕೆ ಅದನ್ನು ಕೊಳ್ಳುವುದು ದಂಡ ಅಂತ ನನ್ನ ಅಭಿಪ್ರಾಯ. ಒಳ್ಳೆ ಹಲ್ಲಿನ ಟೈರು, ಜೊತೆಗೆ ಸರಿಯಾದ ಸೈಜಿನ ಚೈನ್ ಸಾಕು.

ಚೈನ್ ಅಂದರೆ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕೇಜ್ ವೀಲ್ ಇದ್ದ ಹಾಗೆ, ರಸ್ತೆಯ ಮೇಲೆ ಓಡಿಸುವುದಕ್ಕಲ್ಲ. ಒಂದೇ ಜೊತೆ ಇದ್ದರೆ ಮುಂದಕ್ಕೋ ಹಿಂದಕ್ಕೋ ಅನ್ನುವುದನ್ನು ಗಾಡಿಯ ಪುಸ್ತಕ ನೋಡಿ. ಮುಂದೆ ಹಾಕುವುದಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಬ್ರೇಕ್ ಪೈಪಿಗೆ ತಾಗುತ್ತದೆಯೇ ನೋಡಲೇಬೇಕು. ಮನೆ ಅಂಗಳದಲ್ಲೇ ಒಮ್ಮೆ ಹಾಕಿ ತೆಗೆದು ಕಲಿಯಿರಿ. ಅಲ್ಲಿ ಬೆರಳು ಮರಗಟ್ಟಿರುವಾಗ ಕೊಂಡಿ ಎಲ್ಲಿ ಅಂತ ಹುಡುಕುವುದು ಬೇಡ. ಹಾಕಿ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಡಾಂಬರು ಕಂಡ ಕೂಡಲೇ ತೆಗೆಯಿರಿ.

ಹವಾ ಇಲ್ಲಿ ತುಂಬಿಸಿಕೊಂಡು ಹೋಗಿ ಮರೆಯಬೇಡಿ. ಚಳಿ ಸುಮಾರು 5ರಿಂದ 6 ಡಿಗ್ರಿ ಇಳಿದರೆ 1 ಪಿಎಸ್‌ಐ ಕಡಿಮೆ ಆಗುತ್ತದೆ. ಆದರೆ ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಗೇಜು ಜಾಸ್ತಿ ತೋರಿಸುತ್ತದೆ. ಹಾಗಾಗಿ ಬಳ್ಳಾರಿಯ ಲೆಕ್ಕ ಅಲ್ಲಿ ನಡೆಯಲ್ಲ. ಅಲ್ಲೇ ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ ನೋಡಿ. ರಾಡಿಯಲ್ಲಿ ಮಾಡುವ ಹಾಗೆ ಹವಾ 18ಕ್ಕೆ ಇಳಿಸುವ ಚಟ ಹಿಮಗಟ್ಟಿದ ರಸ್ತೆಯಲ್ಲಿ ಬೇಡ. ಆಳದ ಹೊಸ ಹಿಮದಲ್ಲಿ ಹೂತಾಗ ಮಾತ್ರ ಅದು ಉಪಯೋಗ.

ಇನ್ನೊಂದು. ಕರಗಿದ ನೀರು ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಕೆಳಗಿನ ಡಾಂಬರೇ ಕಾಣುವುದರಿಂದ ಬರೀ ಒದ್ದೆ ರಸ್ತೆ ಅನ್ನಿಸುತ್ತದೆ. ಸೇತುವೆ ಮೇಲೆ, ಬೆಟ್ಟದ ನೆರಳಿನಲ್ಲಿ ಮೊದಲು ಆಗುವುದು. ಬಿಸಿಲು ಏರುವವರೆಗೆ ಹೋಟೆಲಿನಲ್ಲೇ ಚಹಾ ಕುಡಿಯುತ್ತಾ ಕೂರಿ.

ಕೊಪ್ಪಳದಿಂದ

ಎಲ್ಲರೂ ಟೈರ್ ಬಗ್ಗೆ ಹೇಳಿದರು, ರೇಡಿಯೇಟರ್ ಯಾರೂ ಎತ್ತಲಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಬೋರಿನ ನೀರು ಹಾಕಿ ಓಡಿಸುವುದು ಮಾಮೂಲಿ. ಆ ನೀರು ಅಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರ್, ಇಂಜಿನ್ ಬ್ಲಾಕ್ ಎರಡೂ ಬಿರಿಯಬಹುದು. ಪೂರ್ತಿ ಖಾಲಿ ಮಾಡಿಸಿ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಡೀಸೆಲ್ ಕೂಡ ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಇಲ್ಲಿಂದ ತುಂಬಿಸಿಕೊಂಡು ಹೋದದ್ದನ್ನು ದಾರಿಯಲ್ಲೇ ಖರ್ಚು ಮಾಡಿ, ಟ್ಯಾಂಕನ್ನು ಮೇಲಿನ ಬಂಕಿನಲ್ಲೇ ತುಂಬಿಸಿ. ಹಿಮಾಚಲದ ಎತ್ತರದ ಊರುಗಳಾದ ಕೇಲಾಂಗ್, ಕಾಜಾ ಕಡೆಗೆ 2019ರಿಂದ ಮೈನಸ್ 33 ಡಿಗ್ರಿವರೆಗೆ ಗಟ್ಟಿಯಾಗದ ಚಳಿಗಾಲದ ಡೀಸೆಲ್ ಬರುತ್ತಿದೆ. ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬೆಳಿಗ್ಗೆ ಅಂಟಿಕೊಂಡಿರುತ್ತದೆ. ಗೇರಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ.

ಸಿಂಧನೂರಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ರಾಯಚೂರಿನ ಸರ್ ಹೇಳಿದ್ದೇ ನಿಜ. ಪೈಪು ಬ್ಯಾಟರಿ ಸ್ಟ್ಯಾಂಡಿನ ಹಿಂದೆ ಸೀಳಿತ್ತು. ಹೊಸದು ಹಾಕಿದ ಮೇಲೆ ಅದೇ ಹೊಲದ ದಾರಿಯಲ್ಲಿ ಮುಂದಿನ ಗಾಲಿಗಳು ಎಳೆಯುತ್ತಿವೆ. ಟೈರಿನ ಹಲ್ಲು ಅಳೆದರೆ ಮುಂದೆ 5, ಹಿಂದೆ 2.5 ಮಿ.ಮೀ. ಹಿಂದಿನ ಎರಡಷ್ಟೇ ಬದಲಾಯಿಸಿದರೆ ಸಾಕಾ?

ರಾಯಚೂರಿನಿಂದ

ನಾಲ್ಕೂ ಬದಲಾಯಿಸಿ ಸರ್. ಎರಡು ಹೊಸದು ಹಾಕಿದರೆ ಮುಂದಿನದಕ್ಕೂ ಹಿಂದಿನದಕ್ಕೂ ಮತ್ತೆ ಸೈಜ್ ವ್ಯತ್ಯಾಸ ಬರುತ್ತದೆ. ಆಗಲೇ ಹೇಳಿದ್ದೆನಲ್ಲ. ಮುಂದಿನವುಗಳಲ್ಲಿ ಚೆನ್ನಾಗಿರುವ ಒಂದನ್ನು ಸ್ಟೆಪ್ನಿ ಮಾಡಿಕೊಳ್ಳಿ. ಆದರೆ ಅದನ್ನು ಹಾಕಿದಾಗ ಟೂ ವೀಲ್‌ನಲ್ಲೇ ಓಡಿಸಿ ಪಂಕ್ಚರ್ ಅಂಗಡಿ ಮುಟ್ಟಿ.