ಕಪ್ಪು ತಾಯಿ, ಚಾಕೊಲೇಟ್ ತಂದೆ: ಲ್ಯಾಬ್ರಡಾರ್ ನಾಯಿಯ ಸೂಲಿನಲ್ಲಿ ಬೂದಿ ಬಣ್ಣದ ಮರಿ ಹೇಗೆ?

ಕರಿಮೂತಿ:
ಹೆಣ್ಣು ಕಪ್ಪು ಲ್ಯಾಬ್ರಡಾರ್, ಗಂಡು ಚಾಕೊಲೇಟ್. ಎರಡಕ್ಕೂ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ನೋಂದಣಿ ಪೇಪರ್ ಇದೆ. ಏಳು ಮರಿಗಳಲ್ಲಿ ಮೂರು ಕಪ್ಪು, ಎರಡು ಚಾಕೊಲೇಟ್, ಒಂದು ಹಳದಿ, ಉಳಿದ ಒಂದು ಪೂರ್ತಿ ಬೂದಿ. ಗಂಡಿನ ಕಡೆಯವರು ‘ನಮ್ಮ ಲೈನ್‌ನಲ್ಲಿ ಇಂಥದ್ದಿಲ್ಲ, ಬೇರೆ ಗಂಡು ಹತ್ತಿರಬೇಕು’ ಅಂತಾರೆ. ಕೊಳ್ಳೋರೊಬ್ಬರು ‘ಸಿಲ್ವರ್ ಲ್ಯಾಬ್’ ಅಂತ ದುಪ್ಪಟ್ಟು ಬೆಲೆ ಹೇಳಿದ್ದಾರೆ. ಬೇರೆ ಗಂಡಿಲ್ಲದೆ ಹೀಗಾಗುತ್ತಾ? ಈ ಬಣ್ಣಕ್ಕೆ ಚರ್ಮದ ಕಾಯಿಲೆ ಬರುತ್ತೆ ಅನ್ನೋದು ನಿಜವಾ?

ಮೂರುಬಣ್ಣ:
ಆಗುತ್ತೆ. ಮೂರು ಜೀನ್ ನೋಡಿದರೆ ಸಾಕು. ಪ್ರತಿ ಜೀನ್‌ಗೂ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಮೇಲುಗೈ ಆಗೋ ರೂಪಕ್ಕೆ ದೊಡ್ಡ ಅಕ್ಷರ, ಒಂದೇ ಇದ್ದಾಗ ಅಡಗಿರೋ ರೂಪಕ್ಕೆ ಚಿಕ್ಕ ಅಕ್ಷರ. ಬಿ ಜೀನ್ ಕಪ್ಪೋ ಚಾಕೊಲೇಟೋ ಅಂತ ತೀರ್ಮಾನಿಸುತ್ತೆ. ಚಿಕ್ಕ ಬಿ ಎರಡೂ ಕಡೆಯಿಂದ ಬಂದರೆ ಚಾಕೊಲೇಟ್. ಎರಡನೆಯದು ಇ ಜೀನ್. ಚಿಕ್ಕ ಇ ಎರಡು ಸೇರಿದರೆ ಕೂದಲಿಗೆ ಕಪ್ಪು ವರ್ಣದ್ರವ್ಯ ಇಳಿಯೋದೇ ಇಲ್ಲ, ಮರಿ ಹಳದಿ. ಮೂರನೆಯದು ಡಿ, ಅಂದರೆ ಎಂಎಲ್‌ಪಿಎಚ್ ಜೀನ್. ಚಿಕ್ಕ ಡಿ ಎರಡಾದರೆ ವರ್ಣದ್ರವ್ಯ ಕೂದಲಲ್ಲಿ ಸಮನಾಗಿ ಹರಡದೆ ಗಂಟುಗಂಟಾಗಿ ನಿಲ್ಲುತ್ತೆ, ಬಣ್ಣ ತೆಳುವಾಗಿ ಕಾಣುತ್ತೆ. ಕಪ್ಪು ತೆಳುವಾದರೆ ಚಾರ್ಕೋಲ್, ಚಾಕೊಲೇಟ್ ತೆಳುವಾದರೆ ಸಿಲ್ವರ್, ಹಳದಿ ತೆಳುವಾದರೆ ಶಾಂಪೇನ್.

ಮರಿಗಳೇ ತಾಯಿಯ ಜಾತಕ ಹೇಳಿಬಿಟ್ಟಿವೆ. ಚಾಕೊಲೇಟ್ ಹುಟ್ಟಿದೆ, ಹಾಗಾಗಿ ಅವಳಲ್ಲಿ ಚಿಕ್ಕ ಬಿ ಇದೆ. ಹಳದಿ ಹುಟ್ಟಿದೆ, ಚಿಕ್ಕ ಇ ಇದೆ. ಬೂದಿ ಹುಟ್ಟಿದೆ, ಚಿಕ್ಕ ಡಿ ಇದೆ. ಈ ಗಂಡೇ ತಂದೆಯಾದರೆ ಅವನಲ್ಲೂ ಒಂದೊಂದು ಚಿಕ್ಕ ಇ, ಚಿಕ್ಕ ಡಿ ಇರಲೇಬೇಕು. ಇಂಥ ಜೋಡಿಗೆ 32ರ ಲೆಕ್ಕದಲ್ಲಿ ಕಪ್ಪು 9, ಚಾಕೊಲೇಟ್ 9, ಹಳದಿ 6, ಚಾರ್ಕೋಲ್ 3, ಸಿಲ್ವರ್ 3, ಶಾಂಪೇನ್ 2. ಏಳರಲ್ಲಿ ಒಂದು ಬೂದಿ ಬಂದಿದ್ದರಲ್ಲಿ ವಿಚಿತ್ರ ಏನೂ ಇಲ್ಲ.

ಅದು ಸಿಲ್ವರ್ರೇ ಅಂತ ಈಗಲೇ ಹೇಳಬೇಡಿ. ಮೂಗಿಗೆ ಬಣ್ಣ ತುಂಬಲಿ. ಉಕ್ಕಿನಂಥ ಬೂದು ಮೂಗಾದರೆ ಚಾರ್ಕೋಲ್, ಕಂದು ಛಾಯೆಯಾದರೆ ಸಿಲ್ವರ್. ಹಳದಿ ಮರಿಯ ಮೂಗನ್ನೂ ಗಮನಿಸಿ: ಈ ಜೋಡಿಯಲ್ಲಿ ಹಳದಿ ಮರಿಗೆ ಕಂದು ಮೂಗು ಬರೋ ಸಾಧ್ಯತೆ ಅರ್ಧಕ್ಕರ್ಧ.

ಕರಿಮೂತಿ:
ಅಕಸ್ಮಾತ್ ಬೇರೆ ಗಂಡು ಹತ್ತಿದ್ದರೆ? ಉಳಿದ ಮರಿಗಳು ಇವನವೇ, ಬೂದಿ ಮಾತ್ರ ಅದರದು?

ಮೂರುಬಣ್ಣ:
ನಾಯಿಗಳಲ್ಲಿ ಒಂದೇ ಸೂಲಿಗೆ ಇಬ್ಬರು ತಂದೆ ಇರಬಹುದು, ಅಲ್ಲಗಳೆಯಲ್ಲ. ಆದರೆ ಆಗಲೂ ತಾಯಿಯ ಚಿಕ್ಕ ಡಿ ಹೋಗಲ್ಲ. ಒಂದು ಕಡೆಯಿಂದ ಬಂದ ಒಂದೇ ಚಿಕ್ಕ ಡಿಯಿಂದ ಬೂದಿ ಆಗಲ್ಲ. ವಾದ ಮಾಡೋ ಬದಲು ಗಂಡಿಗೆ ಡಿ ಟೆಸ್ಟ್ ಮಾಡಿಸಿ. ಎರಡೂ ದೊಡ್ಡ ಡಿ ಬಂದರೆ ಬೂದಿ ಮರಿ ಅವನದಲ್ಲ. ಒಂದು ಚಿಕ್ಕ ಡಿ ಬಂದರೂ ಅವನೇ ತಂದೆ ಅಂತ ಸಾಬೀತಾಗಲ್ಲ, ಅದಕ್ಕೆ ತಾಯಿ, ಗಂಡು, ಮರಿ ಮೂರರದ್ದೂ ಪೇರೆಂಟೇಜ್ ಟೆಸ್ಟ್ (ತಂದೆ-ತಾಯಿ ಯಾರು ಅಂತ ನೋಡೋ ಡಿಎನ್ಎ ಪರೀಕ್ಷೆ) ಬೇಕು.

ಸ್ಯಾಂಪಲ್ ಕೆಡೋದು ಸಾಮಾನ್ಯವಾಗಿ ಮರಿಗಳದ್ದೇ. ಹಾಲು ಕುಡಿದ ಬಾಯಲ್ಲಿ ತಾಯಿಯ ಜೀವಕೋಶ ಇರುತ್ತೆ. ಒಂದು ಗಂಟೆ ತಾಯಿಯಿಂದಲೂ ಉಳಿದ ಮರಿಗಳಿಂದಲೂ ದೂರ ಇಟ್ಟು, ಕೆನ್ನೆಯ ಒಳಬದಿಗೆ ಸ್ವಾಬ್ ಒತ್ತಿ 20 ಸೆಕೆಂಡ್ ತಿರುಗಿಸಿ, ಗಾಳಿಗೆ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಒದ್ದೆಯಾಗಿ ಪ್ಲಾಸ್ಟಿಕ್‌ಗೆ ಹಾಕಿದರೆ ಬೂಷ್ಟು ಬಂದು ಡಿಎನ್‌ಎ ಹಾಳು.

ಪಶುವೈದ್ಯ_ಚರ್ಮ:
ಕಾಯಿಲೆಯ ಮಾತಿಗೆ ಬರೋಣ. ಕಲರ್ ಡೈಲ್ಯೂಷನ್ ಅಲೊಪೀಷಿಯಾ (ತೆಳು ಬಣ್ಣದ ನಾಯಿಗಳಲ್ಲಿ ಕೂದಲು ಉದುರೋದು) ನಿಜವಾದ ಕಾಯಿಲೆ, ಆದರೆ ಬೂದಿ ನಾಯಿಗಳಿಗೆಲ್ಲ ಬರಲ್ಲ. ವೈಮರನರ್ ತಳಿಯ ನಾಯಿಗಳೆಲ್ಲ ಚಿಕ್ಕ ಡಿ ಎರಡಿರುವವೇ, ಅವುಗಳಲ್ಲಿ ಇದು ಅಪರೂಪ. ಹುಟ್ಟಿದಾಗ ಕೂದಲು ಚೆನ್ನಾಗೇ ಇರುತ್ತೆ. ಬರೋದಾದರೆ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಬೆನ್ನ ಮೇಲೆ ಕೂದಲು ತೆಳುವಾಗುತ್ತೆ, ಹೊಟ್ಟು ಏಳುತ್ತೆ, ಸಣ್ಣ ಗುಳ್ಳೆ ಕಾಣಿಸುತ್ತೆ. ಹಾಗಾಗಿ ಎರಡು ತಿಂಗಳ ಮರಿ ನೋಡಿ ‘ಏನೂ ತೊಂದರೆ ಇಲ್ಲ’ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಬೂದಿ ನಾಯಿಗೆ ಕೂದಲು ಉದುರಿತು ಅಂದ ಕೂಡಲೇ ಇದೇ ಕಾಯಿಲೆ ಅನ್ನೋದೂ ತಪ್ಪು. ಮೊದಲು ಚರ್ಮ ಕೆರೆದು ಹುಳುಕಜ್ಜಿ, ಕಲ್ಚರ್‌ನಲ್ಲಿ ಫಂಗಸ್, ರಕ್ತದಲ್ಲಿ ಥೈರಾಯ್ಡ್ ನೋಡಬೇಕು. ಆಮೇಲೆ ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡೋದು. ವರ್ಣದ್ರವ್ಯದ ಗಂಟು ಆರೋಗ್ಯವಂತ ಬೂದಿ ನಾಯಿಯಲ್ಲೂ ಇರುತ್ತೆ. ಗಂಟಿದ್ದ ಕಡೆ ಕೂದಲು ಉಬ್ಬಿ ಮುರಿದಿದೆಯಾ ಅನ್ನೋದು ಮುಖ್ಯ. ಪೂರ್ತಿ ವಾಸಿಯಾಗಲ್ಲ. ಮೃದು ಶಾಂಪೂ, ಗಟ್ಟಿ ಬ್ರಷ್ ಬೇಡ, ಬೋಳಾದ ಕಡೆ ಬಿಸಿಲು ತಾಗಿಸಬೇಡಿ, ಗುಳ್ಳೆಯಲ್ಲಿ ಕೀವು ತುಂಬಿದರೆ ಚಿಕಿತ್ಸೆ.

ಪೆಡಿಗ್ರೀ_ಪುಟ:
ಬೆಲೆ ವಿಚಾರ. ಲ್ಯಾಬ್ರಡಾರ್‌ನ ಎಫ್‌ಸಿಐ (ಶ್ವಾನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾನದಂಡ (ಸಂಖ್ಯೆ 122) ಒಪ್ಪೋದು ಕಪ್ಪು, ಹಳದಿ, ಚಾಕೊಲೇಟ್ ಮೂರನ್ನೇ. ಕೆಂಚು ನರಿ ಬಣ್ಣವೂ ಹಳದಿಯ ಲೆಕ್ಕಕ್ಕೇ ಬರುತ್ತೆ, ಸಿಲ್ವರ್ ಯಾವುದರಲ್ಲೂ ಇಲ್ಲ. ಅಮೆರಿಕದಲ್ಲಿ ಸಿಲ್ವರ್ ಮರಿಯನ್ನು ಚಾಕೊಲೇಟ್ ಎಂದೇ ನೋಂದಾಯಿಸುತ್ತಾರೆ, ಆ ಬಗ್ಗೆ ಅಲ್ಲಿ ಜಗಳ ಇನ್ನೂ ಮುಗಿದಿಲ್ಲ. ವೈಮರನರ್ ರಕ್ತ ಬೆರೆತಿದೆ ಅಂತ ಒಂದು ಪಕ್ಷ. ಆದರೆ ಅದೇ ಚಿಕ್ಕ ಡಿ ಹತ್ತಾರು ತಳಿಗಳಲ್ಲಿದೆ, ಬರೀ ಡಿ ಟೆಸ್ಟ್ ನೋಡಿ ಎಲ್ಲಿಂದ ಬಂತು ಅನ್ನೋಕಾಗಲ್ಲ.

ದುಪ್ಪಟ್ಟು ಬೆಲೆ ತಗೋಬೇಡಿ. ಸಾಕೋಕೆ ಮಾತ್ರ, ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಅಂತ ಬರವಣಿಗೆಯಲ್ಲಿ ಹಾಕಿ, ಚರ್ಮದ ಅಪಾಯವನ್ನೂ ಬರೆದು ಕೊಡಿ. ಉಳಿದ ಆರು ಮರಿಗಳನ್ನು ಮರೀಬೇಡಿ: ತಂದೆ ಇವನೇ ಆದರೆ ಒಂದೊಂದೂ ಚಿಕ್ಕ ಡಿ ಹೊತ್ತಿರೋ ಸಾಧ್ಯತೆ ಮೂರರಲ್ಲಿ ಎರಡು. ತಾಯಿಯನ್ನು ಮತ್ತೆ ಕ್ರಾಸ್ ಮಾಡಿಸೋದಾದರೆ ಎರಡೂ ದೊಡ್ಡ ಡಿ ಇರುವ ಗಂಡು ಹುಡುಕಿ. ಬೂದಿ ಹುಟ್ಟಲ್ಲ, ಆದರೆ ಅರ್ಧದಷ್ಟು ಮರಿ ಒಳಗೊಳಗೇ ಹೊತ್ತಿರುತ್ತವೆ.